ಮೊದಲ ಸಾಲಿಗೆ ಬಂದ ಕಾಯಿಲೆ

ಅಕ್ಕಾ,

ಇವತ್ತು ಆಸ್ಪತ್ರೆಯಲ್ಲಿ ನಾನು ಜಗ್ಗಲಿಲ್ಲ. ಅದನ್ನು ನಿನಗೇ ಹೇಳಬೇಕು.

ರೋಗಿಗಳ ಫೈಲು ಓದಿ, ದಾಖಲೆಗೆ ಕಾಯಿಲೆಗಳ ಕೋಡ್ ನಂಬರು ಹಾಕುವುದು ಈಗ ನನ್ನ ಕೆಲಸ. ಒಬ್ಬ ಹೆಂಗಸಿನ ಫೈಲು ಬಂತು. ಮಾತಿಲ್ಲ, ಊಟವಿಲ್ಲ, ಎತ್ತಿದ ಕೈ ಎತ್ತಿದ ಹಾಗೇ ನಿಲ್ಲುತ್ತಿತ್ತಂತೆ. ನಿನ್ನ ಹಾಗೇ. ನಮ್ಮ ಮನೆಯಲ್ಲಿ ನೀನು ಕಣ್ಣು ಮುಚ್ಚುವ ತನಕ ಅದಕ್ಕೆ ಹಟ ಅಂತಲೇ ಹೆಸರು.

ಡಾಕ್ಟರು ಮೊದಲ ಸಾಲಿನಲ್ಲಿ 'ಕ್ಯಾಟಟೋನಿಯಾ', ಅಂದರೆ ಹೀಗೆ ಮೈ ಮರಗಟ್ಟಿ ನಿಲ್ಲುವ ಸ್ಥಿತಿ, ಅಂತಷ್ಟೇ ಬರೆದು, ಮೆದುಳಿನ ಉರಿಯೂತವನ್ನು ಒಳಪುಟದಲ್ಲಿ ಬಿಟ್ಟಿದ್ದರು. ದೇಹದ ಕಾಯಿಲೆಯಿಂದ ಹೀಗಾದರೆ ಆ ಕಾಯಿಲೆಯ ಕೋಡ್ ಮೊದಲು, ಕ್ಯಾಟಟೋನಿಯಾ ಅದರ ಕೆಳಗೆ. ಆದರೆ ಕಾರಣ ಇದೇ ಅಂತ ಡಾಕ್ಟರೇ ಬರೆಯಬೇಕು, ನಾನು ಊಹಿಸಿ ಹಾಕುವಂತಿಲ್ಲ. ಫೈಲು ಹಿಡಿದು ವಾರ್ಡಿಗೇ ಹೋದೆ.

"ಗೊತ್ತಿರೋದೇ ಅಲ್ವೇನಮ್ಮಾ? ಔಷಧಿ ಕೊಟ್ಟಿದ್ದೇ ಆ ಉರಿಯೂತಕ್ಕೆ."

"ನನಗೆ ಗೊತ್ತಿದ್ರೆ ಸಾಲದು ಸಾರ್. ನೀವು ಬರೀರಿ, ಇಲ್ಲೇ ನಿಂತಿರ್ತೀನಿ."

"ಸಾಲ ಕೊಟ್ಟೋರ ಹಾಗೆ ಬಾಗಿಲಲ್ಲಿ ನಿಂತ್ರೆ ಬರೀದೇ ಇರಕ್ಕಾಗುತ್ತಾ!" ಅಂತ ನಗುತ್ತಲೇ ಬರೆದುಕೊಟ್ಟರು.

ಸಂಜೆ ಆ ಹೆಂಗಸು ಗುಣವಾಗಿ ಮನೆಗೆ ಹೊರಟಾಗ ಡಿಸ್ಚಾರ್ಜ್ ಕಾಗದವನ್ನು ನಾನೇ ಒಯ್ದು ಅವಳ ತಂಗಿಗೆ ಕೊಟ್ಟೆ. ತಂಗಿ ಮೊದಲ ಸಾಲಿನಲ್ಲಿದ್ದ 'ಮೆದುಳಿನ ಉರಿಯೂತ' ಓದಿ, ಕಾಗದವನ್ನು ಅಕ್ಕನ ಮುಖದ ಮುಂದೆ ಹಿಡಿದಳು.

"ನೋಡೇ ಅಕ್ಕಾ, ನಿನ್ನದು ಹಟ ಅಲ್ವಂತೆ."

ಅಕ್ಕ ನಿಧಾನವಾಗಿ ಅವಳ ಕೆನ್ನೆ ಮುಟ್ಟಿದಳು.

"ಆಗ್ಲೇ ಹೇಳ್ಬೇಕೂಂತಿದ್ದೆ ಕಣೇ. ಬಾಯಿ ಬಿಡಕ್ಕೆ ಆಗ್ತಿರ್ಲಿಲ್ಲ. ನೀವು ಅಂದಿದ್ದೆಲ್ಲಾ ಕೇಳಿಸ್ತಿತ್ತು."