ಇಸಾಲೆ ಕಡ್ಡಿಗೆ ಎಷ್ಟು ನೀರು

ಮಾಚಾಮೆ,
ಭಾನುವಾರ, 4 ಡಿಸೆಂಬರ್ 1994

ಪ್ರೀತಿಯ ಅನಾಯೆಲಿಗೆ ಅತ್ತಿಗೆಯ ಹಾರೈಕೆಗಳು.

ಹೇಗಿದ್ದೀಯಪ್ಪ? ಹೋದ ತಿಂಗಳು ನೀನು ಮಲೇರಿಯಾ ಬಂದು ಮಲಗಿದ್ದೆ ಎಂದು ಬಸ್ಸಿನವರ ಬಾಯಲ್ಲಿ ಕೇಳಿದೆ. ಮ್ವಾಂಜಾದಲ್ಲಿ ಮೀನಿಗೇನೂ ಬರವಿಲ್ಲ, ಆದರೂ ಬಾಳೆಕಾಯಿ ಸಿಕ್ಕರೆ ಬೇಯಿಸಿಕೊಂಡು ತಿನ್ನು, ಮೈಯಲ್ಲಿ ಬಲ ಬರಲಿ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕೋಣೆ ಈಗ ಮಕ್ಕಳ ಪಾಲಾಗಿದೆ. ನಿಮ್ಮಣ್ಣನ ಕೋಪಕ್ಕೂ ಆರೋಗ್ಯ ಚೆನ್ನಾಗಿಯೇ ಇದೆ.

ಬರೆಯಲೋ ಬೇಡವೋ ಎಂದು ವಾರದಿಂದ ಒದ್ದಾಡಿದೆ. ಹೋದ ಕ್ರಿಸ್‌ಮಸ್ಸಿನಲ್ಲಿ ನಿನ್ನ ಹೊಸ ಮನೆಯ ಇಟ್ಟಿಗೆ ಲಾರಿ ಒಳಗೆ ಬರಲೆಂದು, ಮಾವನವರು ನೆಟ್ಟಿದ್ದ ಇಸಾಲೆ ಗಿಡದ ಬೇಲಿಯನ್ನು ನೀನು ಯಾರನ್ನೂ ಕೇಳದೆ ಕಡಿದೆ. ಅದು ತಪ್ಪು. ಮಾರನೆಯ ದಿನ ನಮ್ಮ ವಾಡಿಕೆಯಂತೆ ಇಸಾಲೆ ಎಲೆಗೆ ಗಂಟು ಹಾಕಿ ಅಣ್ಣನ ಕ್ಷಮೆ ಕೇಳಲು ಹಿಡಿದು ಬಂದೆ. ಅದು ಸರಿ. ಆದರೆ ಊರೆಲ್ಲ ಇಸಾಲೆ ಇರುವಾಗ, ಆ ಕಡಿದ ರಾಶಿಯಿಂದಲೇ ಕಡ್ಡಿ ಸಮೇತ ಎತ್ತಿಕೊಂಡು ಬರುವುದೇ? "ಅಪ್ಪನ ಬೇಲಿ ಕಡಿದು, ಅದೇ ಬೇಲಿ ಎಲೆ ಹಿಡ್ಕೊಂಡು ನನ್ ಮುಂದೆ ನಿಂತಿದೀಯಲ್ಲೋ" ಎಂದು ನಿಮ್ಮಣ್ಣ ಅದನ್ನು ಕೊಟ್ಟಿಗೆಯ ಹಿಂದಕ್ಕೆ ಎಸೆದರು. ಇಸಾಲೆ ತಂದವನನ್ನು ಕ್ಷಮಿಸದೆ ಕಳಿಸಿದ್ದನ್ನು ನಮ್ಮ ಬೆಟ್ಟದಲ್ಲಿ ಯಾರೂ ಕಂಡಿರಲಿಲ್ಲ. ಹಬ್ಬದ ಮೇಕೆ ಕೊಯ್ಯುವ ಮೊದಲೇ ನೀನು ಬಸ್ಸು ಹತ್ತಿದೆ.

ನಿನಗೆ ಹೇಳದ ಒಂದು ವಿಷಯವಿದೆ. ಆ ಕಡ್ಡಿಯನ್ನು ನಾನು ಕೊಟ್ಟಿಗೆಯ ಹಿಂದೆಯೇ, ಬಾಳೆಯ ನೆರಳಲ್ಲಿ ಊರಿದೆ. ಎರಡು ತಿಂಗಳಿಗೆ ಚಿಗುರಿ, ಹೊಳೆಯುವ ಉದ್ದನೆಯ ಎಲೆ ಬಿಟ್ಟಿತು. ಇದು ಬದುಕಿದರೆ ನೀನು ಈ ಹಬ್ಬಕ್ಕೆ ಬರುತ್ತೀಯ ಎಂದು ನನ್ನಷ್ಟಕ್ಕೆ ನಾನೇ ನಂಬಿಕೊಂಡುಬಿಟ್ಟೆ, ನಗಬೇಡ. ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಹಾಕುತ್ತಿದ್ದೆ. ಹೋದ ತಿಂಗಳು ಎಲೆ ಹಳದಿಯಾಗತೊಡಗಿತು. ಬೂದಿ ಹಾಕಿದೆ, ಗೊಬ್ಬರ ಹಾಕಿದೆ, ಬುಡ ಮಾತ್ರ ಮೆತ್ತಗಾಗುತ್ತ ಬಂತು. ನೆರೆಮನೆಯ ಮಾಂಕಾಳ ತಾಯಿ ಒತ್ತಿ ನೋಡಿ, "ಕೊಳೆಸಿಬಿಟ್ಟಿದೀಯ ಕಣೇ. ಒಂದ್ ಚೊಂಬು ನೀರಿಗೆ ಹಿಂಗಾಗಲ್ಲ, ಇನ್ಯಾರೋ ಹಾಕ್ತಿದಾರೆ" ಎಂದಳು.

ನಿನ್ನೆ ಸಂಜೆ ದನಕ್ಕೆ ಹುಲ್ಲು ಹಾಕಲು ಹೋದರೆ ನಿಮ್ಮಣ್ಣ ಬಕೆಟ್ ಹಿಡಿದು ಅದರ ಬುಡಕ್ಕೆ ನೀರು ಸುರಿಯುತ್ತಿದ್ದರು. ನನ್ನನ್ನು ಕಂಡು, ಬಕೆಟ್ ತೊಳೆಯುತ್ತಿದ್ದೆ ಎಂದರು. ಎಷ್ಟು ದಿನದಿಂದ ತೊಳೆಯುತ್ತಿದ್ದೀರಿ ಎಂದು ಕೇಳಿದೆ. ಬಕೆಟ್ ಬೋರಲು ಹಾಕಿ, "ಚಿಗುರಿದಾಗಿಂದ" ಎಂದರು. ಒಬ್ಬರಿಗೊಬ್ಬರು ಹೇಳದೆ ಇಬ್ಬರೂ ಸೇರಿ ಅದನ್ನು ಕೊಳೆಸಿದ್ದೇವೆ, ಅನಾಯೆಲಿ. ಕೊಳೆತ ಬುಡ ಕತ್ತರಿಸಿ, ಗಟ್ಟಿಯಿದ್ದ ತುದಿಯನ್ನು ಲಾರಿ ನುಗ್ಗಿದ ಸಂದಿಯಲ್ಲೇ ನೆಟ್ಟೆವು. ಬೇರು ಬಿಡುತ್ತದೋ ಇಲ್ಲವೋ ಎಂದು ಬೆಳಗಿನಿಂದ ನಾಲ್ಕು ಸಲ ನೋಡಿ ಬಂದೆ. ಈ ಸಲ ನೀರು ಹಾಕುವುದು ನಾನೊಬ್ಬಳೇ ಎಂದು ಗದರಿದ್ದೇನೆ.

ಔಷಧಿ ತಪ್ಪಿಸಬೇಡ. ದೇವರು ನಿನ್ನನ್ನು ಕಾಯಲಿ. ಮಕ್ಕಳು ಚಿಕ್ಕಪ್ಪನನ್ನು ಕೇಳುತ್ತಿದ್ದಾರೆ.

ನಿನ್ನ ಅತ್ತಿಗೆ,
ಐಕರುವಾ

ತಾ.ಕ.: ಲಕೋಟೆ ಅಂಟಿಸುವಾಗ ನಿಮ್ಮಣ್ಣ ಬಂದು ಇದರೊಳಗೆ ಒಂದು ಎಲೆ ಇಟ್ಟು ಹೋದರು. ಆ ಗಿಡದ್ದೇ. ನಿನಗೆ ತಲುಪುವಾಗ ಒಣಗಿರಬಹುದು. ದೊಡ್ಡವನು ಚಿಕ್ಕವನಿಗೆ ಇಸಾಲೆ ಕಳಿಸಿದ್ದನ್ನು ನಾನು ಕೇಳಿಯೇ ಇಲ್ಲ, ನೀನೂ ಎಸೆದುಬಿಡಬೇಡ. ಗಂಟನ್ನು ಸರಿಯಾಗಿ ನೋಡು. ಅದು ನಾನು ಹಾಕಿದ್ದಲ್ಲ.