ಮ್ಯೂಸಿಯಂ ಬಾಗಿಲಲ್ಲಿ ಕೇಳುವ ಪ್ರಶ್ನೆ

ಲೋವೆಲ್,

ಹತ್ತಕ್ಕೆ ಮ್ಯೂಸಿಯಂನಲ್ಲಿ ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುವ ಮಕ್ಕಳ ತರಗತಿ. ಇವತ್ತು ಮಗಳು ಟ್ಯಾಬಿಯನ್ನು ನೀನೇ ಕರೆದುಕೊಂಡು ಹೋಗು. ಈ ತಿಂಗಳು ಲೈಬ್ರರಿ, ಜೇನುಸಾಕಣೆ, ಕುಂಬಾರಿಕೆ ಎಲ್ಲಕ್ಕೂ ನಾನೇ ಅಲೆದು ಸಾಕಾಗಿದೆ. ಟ್ಯಾಬಿಗಿಂತ ಹೆಚ್ಚು ಕಲಿತವಳು ನಾನೇ.

ಫ್ರಿಜ್‌ನಲ್ಲಿರುವ ಸ್ಯಾಂಡ್‌ವಿಚ್ ಅವಳದು, ನಿನ್ನದಲ್ಲ.

ಮ್ಯೂಸಿಯಂ ಬಾಗಿಲಲ್ಲಿ ಕೂತ ಹೆಂಗಸು ಮೂಗಿನಲ್ಲೇ ರಾಗ ಎಳೆದು, "ಎಷ್ಟನೇ ಕ್ಲಾಸಮ್ಮಾ ಪುಟ್ಟೀ?" ಅನ್ನುತ್ತಾಳೆ. ಹೋದ ಸಲ ನಮ್ಮ ಟ್ಯಾಬಿ, "ಲೆಕ್ಕದಲ್ಲಿ ಆರು, ಸ್ಪೆಲ್ಲಿಂಗ್‌ನಲ್ಲಿ ಮೂರು" ಅಂದಳು. ಸಾಲಿನಲ್ಲಿದ್ದ ಶಾಲೆಯ ಮಕ್ಕಳೆಲ್ಲ ನಕ್ಕರು. ಇವತ್ತೂ ನಕ್ಕರೆ ಇವಳು ಇನ್ನೆಲ್ಲಿಗೂ ಹೊರಡುವುದಿಲ್ಲ.

"ನಂಗೆ ಒಂಬತ್ತು ವರ್ಷ" ಅಂತ ಕನ್ನಡಿ ಮುಂದೆ ಅಭ್ಯಾಸ ಮಾಡಿಕೊಂಡಿದ್ದಾಳೆ. ತಡವರಿಸಿದರೂ ಅವಳೇ ಹೇಳಲಿ. ಪಕ್ಕದಲ್ಲೇ ಡೈನೋಸಾರ್ ತಲೆಬುರುಡೆ ಇದೆ. ಅಷ್ಟು ದೊಡ್ಡ ಬಾಯಿದ್ದೂ ಅದು ಸುಮ್ಮನಿದೆ. ನೀನೂ ಹಾಗೇ ನಿಂತಿರು.

ಕೊರಿನ್