ಅರ್ಧ ಇಂಚು ಸಡಿಲ

ಮಾರ್ಚ್ 3
ಎರಡು ಕೋಟಿಗೆ ಬಟ್ಟೆ ಕತ್ತರಿಸಿದೆ. ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತುವಾಗ ಮತ್ತೆ ಎದೆ ಬಿಗಿ. ಅಂಗಿ ಚಿಕ್ಕದಾಗಿರಬೇಕು. ಪಕ್ಕದ ಹೊಲಿಗೆ ಬಿಚ್ಚಿ ಅರ್ಧ ಇಂಚು ಸಡಿಲಿಸಿದೆ.
ಹೆಂಡತಿಯ ಹತ್ತಿರ ಸುಳಿದು ಐದು ತಿಂಗಳು. ಬಯಕೆ ಇದೆ, ಮೈ ಮಾತು ಕೇಳುವುದಿಲ್ಲ. ನಾಚಿಕೆಯಾಗಿ ಗೋಡೆಯ ಕಡೆ ತಿರುಗಿ ಮಲಗುತ್ತೇನೆ. ಅವಳು ಏನೂ ಕೇಳುವುದಿಲ್ಲ. ಕೇಳಿದ್ದರೇ ವಾಸಿಯಿತ್ತು.

ಮಾರ್ಚ್ 6
ಜಿಮ್ ನಡೆಸುವ ಗಿರಾಕಿ, ನಮ್ಮ ಪೈಲ್ವಾನ, ಟ್ರಯಲ್‌ಗೆ ಬಂದಿದ್ದ. ತಡೆಯಲಾರದೆ ಬಾಯಿಬಿಟ್ಟೆ. “ಟೆಸ್ಟೊಸ್ಟೆರಾನ್ ಜೆಲ್ ಇದೆ ಮಾಸ್ಟ್ರೇ, ಗಂಡಸ್ರ ಹಾರ್ಮೋನು. ಭುಜಕ್ಕೆ ಹಚ್ಕೊಳ್ಳಿ, ಮದುಮಗ ಆಗ್ತೀರ!” ಟ್ಯೂಬ್ ಕೊಟ್ಟೇ ಹೋದ. ಮುಳುಗುವವನಿಗೆ ಹುಲ್ಲುಕಡ್ಡಿ...

ಮಾರ್ಚ್ 19, ಮಧ್ಯಾಹ್ನ
ಮದುಮಗನೂ ಇಲ್ಲ, ಮಣ್ಣೂ ಇಲ್ಲ.
ಹಳೆಯ ಅಳತೆ ಪುಸ್ತಕ ಸಿಕ್ಕಿತು. ಮೂವತ್ತು ವರ್ಷದ್ದು. ಹೆಂಡತಿ ನಮ್ಮ ಗುರುಗಳ ಅಂಗಡಿಗೆ ಹೊಲಿಗೆ ಕಲಿಯಲು ಸೇರಿದ ವಾರ. ಗುರುಗಳು ನನ್ನನ್ನೇ ಬೊಂಬೆಯ ಹಾಗೆ ನಿಲ್ಲಿಸಿದ್ದರು. ಟೇಪು ಬೆನ್ನು ಬಳಸಿ ತರುವಾಗ ಅವಳ ಹಣೆ ನನ್ನ ಗಲ್ಲಕ್ಕೆ ತಾಗಿತು. “ಉಸಿರು ಬಿಡಿ, ಅಳತೆ ತಪ್ಪತ್ತೆ” ಎಂದಳು. ಬಿಡಲಾಗಲಿಲ್ಲ. ಅವಳ ಅಕ್ಷರ ಇನ್ನೂ ಇದೆ: ಎದೆ 38, ಮುಂದೆ ಪ್ರಶ್ನೆಚಿಹ್ನೆ. ಎಂಥ ದಿನಗಳು! ಪುಸ್ತಕ ಮುಚ್ಚಿ ಅತ್ತುಬಿಟ್ಟೆ.

ಮಾರ್ಚ್ 22
ಸಿಕ್ಕಿಬಿದ್ದೆ. ಇಸ್ತ್ರಿ ಮಾಡುವಾಗ ಇವಳು ಐದು ಅಂಗಿಗಳನ್ನೂ ತಿರುಗಿಸಿ ನೋಡಿದ್ದಾಳೆ. ಎದೆ ಬಿಗಿಯುತ್ತದೆ, ಅದಕ್ಕೇ ಎಂದೆ. “ಎಲ್ಲಾ ಹೊಲಿಗೆ ಬಿಚ್ಚಿದ್ದೀರ. ಅಂಗಿ ಗೋಣಿಚೀಲ ಆಗಿದೆ, ಆದ್ರೂ ಎದೆ ಬಿಗಿನಾ? ಬಿಗಿ ಅಂಗೀದಲ್ಲ, ಒಳಗಿಂದು. ನಡೀರಿ ಡಾಕ್ಟ್ರ ಹತ್ರ.”

ಮಾರ್ಚ್ 24
ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ — ಇವಳ ಎದುರಿಗೇ. ಟ್ಯೂಬ್ ತೋರಿಸಿದೆ. “ರಕ್ತ ಪರೀಕ್ಷೆ ಇಲ್ದೆ ಹಚ್ಕೊಂಡ್ರಾ? ಅಳತೆ ತೆಗೀದೆ ಬಟ್ಟೆಗೆ ಕತ್ತರಿ ಹಾಕ್ತೀರಾ ನೀವು?” ಜೆಲ್ ನಿಲ್ಲಿಸಿದರು. ಹಾರ್ಮೋನ್ ಕಡಿಮೆ ಇದ್ದವರಿಗೆ ಮಾತ್ರವಂತೆ ಅದು. ಹೃದಯದ ರಕ್ತನಾಳ ಕಟ್ಟುತ್ತಿದ್ದರೆ ಕೆಲವರಿಗೆ ಮೊದಲ ಸುಳಿವು ಹಾಸಿಗೆಯಲ್ಲೇ ಸಿಗುತ್ತದಂತೆ. ಗಂಡಸಿನ ಅಂಗದ ನಾಳ ಹೃದಯದ್ದಕ್ಕಿಂತ ಸಣ್ಣದು, ಮೊದಲು ಕಟ್ಟುವುದು ಅದೇ ಅಂತೆ.
ಹೊರಗೆ ಬಂದ ಮೇಲೆ ಇವಳು ನಿಂತುಬಿಟ್ಟಳು. “ನನ್ನ ಮೇಲೆ ಮನಸ್ಸು ಹೋಯ್ತು ಅಂದ್ಕೊಂಡಿದ್ದೆ ಕಣ್ರೀ.”
ಐದು ತಿಂಗಳು ಹಾಗಂದುಕೊಂಡೇ ನನಗೆ ಊಟ ಬಡಿಸಿದ್ದಾಳೆ.

ಏಪ್ರಿಲ್ 2, ಬೆಳಗ್ಗೆ 7
ಡಾಕ್ಟರಮ್ಮ ಬರೆದುಕೊಟ್ಟ ಆಂಜಿಯೋಗ್ರಾಂ ಇವತ್ತು, ಹೃದಯದ ನಾಳಗಳ ಚಿತ್ರ ತೆಗೆಯುತ್ತಾರೆ. ಅಡ್ಡಿ ಕಂಡರೆ ನಾಳ ತೆರೆದಿಡಲು ಸ್ಟೆಂಟ್. ಆಸ್ಪತ್ರೆಯ ಗೌನಿನ ಹೆಗಲು ಮೊಣಕೈಗೆ ಇಳಿದಿದೆ, ಯಾವ ಪುಣ್ಯಾತ್ಮ ಹೊಲಿದನೋ. ಭಯವಾಗುತ್ತಿದೆ.
ಇವಳು ಚೀಲದಿಂದ ಟೇಪು ತೆಗೆದಳು. “ಮನೆಗೆ ಬರೋವಾಗ ಹಾಕ್ಕೊಳ್ಳೋಕೆ ಹೊಸ ಅಂಗಿ ಹೊಲೀತೀನಿ. ಕೈ ಎತ್ತಿ.” ಟೇಪು ಬೆನ್ನು ಬಳಸಿತು. ಹಣೆ ಗಲ್ಲಕ್ಕೆ ತಾಗಿತು. ಕೂದಲು ಬೆಳ್ಳಗಾಗಿದೆ.
“ಉಸಿರು ಬಿಡಿ.”
ಈ ಸಲ ಬಿಟ್ಟೆ. ಅಳತೆ ಪುಸ್ತಕ ಅಂಗಡಿಯಲ್ಲಿದೆ, ಈ ಡೈರಿಯಲ್ಲೇ ಬರೆದುಕೊಳ್ಳುತ್ತೇನೆ. ಎದೆ —